ಹಿಟ್ಟು ಹಾಕಿ ನೋಡಿದ ಒರಳು

ಇಪ್ಪತ್ತೆಂಟು ವರ್ಷ, ಹೆಚ್ಚುಕಡಿಮೆ ಪ್ರತಿ ಶನಿವಾರ, ನಾನು ಚಕ್ಕುಲಿ ಹಿಟ್ಟು ಕಲಸಿದ್ದೇನೆ. ತಿನ್ನುವ ಆಸೆಗಲ್ಲ. ನಿಜ ಹೇಳಬೇಕೆಂದರೆ ಚಕ್ಕುಲಿ ನನಗೆ ಅಷ್ಟಕ್ಕಷ್ಟೇ. ನಮ್ಮನೆಯವರು ಚಕ್ಕುಲಿ ಒರಳು ಮಾಡುತ್ತಿದ್ದರು. ಹಿತ್ತಾಳೆಯ ಕೊಳವೆ, ಮೇಲೆ ತಿರುಗಿಸುವ ಹಿಡಿ, ಕೆಳಗೆ ನಕ್ಷತ್ರದ ತೂತಿರುವ ಬಿಲ್ಲೆ. ವಾರವೆಲ್ಲ ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಮಾಡಿದ್ದನ್ನು ಶನಿವಾರ ಬೆಳಿಗ್ಗೆ ಚೀಲಕ್ಕೆ ತುಂಬಿ ಲಗ್ಗೆರೆಯ ನಮ್ಮ ಮನೆಗೆ ತಂದು ಇಳಿಸುತ್ತಿದ್ದರು. ಒಂದೊಂದಕ್ಕೂ ನಾನು ಹಿಟ್ಟು ತುಂಬಿ ಒತ್ತಿ ನೋಡಬೇಕು. ನಾನು ಸರಿಯಿದೆ ಅಂದರೆ ಅದು ಅಂಗಡಿಗೆ ಹೋಗುತ್ತಿತ್ತು, ಇಲ್ಲವೆಂದರೆ ವಾಪಸ್ ಶೆಡ್ಡಿಗೆ.

ಈ ಪದ್ಧತಿ ಹುಟ್ಟಿದ್ದು ಒಬ್ಬ ಅಜ್ಜಿಯಿಂದ. ಮದುವೆಯಾದ ಹೊಸತರಲ್ಲಿ ಇವರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಆ ಕಾರ್ಖಾನೆ ಮುಚ್ಚಿತು. ಇನ್ನೊಬ್ಬರ ಹಳೆಯ ಲೇತ್ ಕೊಂಡು ಸ್ವಂತ ಶೆಡ್ ಹಿಡಿದರು. ಮೊದಲು ಮಾಡಿದ ಒರಳುಗಳು ನೋಡಲು ಬಂಗಾರದ ಹಾಗಿದ್ದವು. ಹದಿನೈದು ದಿನ ಕಳೆದಿಲ್ಲ, ಒಂದನ್ನು ಕೊಂಡಿದ್ದ ಆ ಅಜ್ಜಿ ಅಂಗಡಿಯವರಿಂದ ವಿಳಾಸ ತಿಳಿದುಕೊಂಡು ನೇರ ಶೆಡ್ಡಿಗೇ ಬಂದು ಒರಳನ್ನು ಇವರ ಮುಂದೆ ಇಟ್ಟರಂತೆ. "ಚೆನ್ನಾಗಿದೆ ಕಣಪ್ಪ, ದೇವರ ಮುಂದೆ ಇಟ್ಕೊಂಡು ಪೂಜೆ ಮಾಡ್ಬೋದು. ಚಕ್ಲಿ ಮಾತ್ರ ಬರಲ್ಲ ನೋಡು."

ಅವತ್ತು ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕರೆದರು. "ಒಂಚೂರು ಹಿಟ್ಟು ಕಲಸೇ. ಲೇತ್‌ಗೆ ಅಳತೆ ಗೊತ್ತು, ಹಿಟ್ಟು ಗೊತ್ತಿಲ್ಲ. ನಿಂಗೆ ಗೊತ್ತು."

ನನಗೆ ಆಗ ಇಪ್ಪತ್ತಮೂರು. ಗಂಡ ಅನ್ನಿಸಿಕೊಂಡವನು ನಿನಗೆ ಗೊತ್ತು, ನನಗೆ ಗೊತ್ತಿಲ್ಲ ಅಂತ ಹೇಳಿದ್ದನ್ನು ನಾನು ಅಲ್ಲಿಯತನಕ ಯಾರ ಮನೆಯಲ್ಲೂ ಕೇಳಿರಲಿಲ್ಲ. ಉಬ್ಬಿಹೋದೆ. ಆ ಉಬ್ಬಿನಲ್ಲೇ ಇಷ್ಟು ವರ್ಷ ಹಿಟ್ಟು ಕಲಸಿದೆ ಅಂದರೂ ತಪ್ಪಿಲ್ಲ.

ಒರಳಿನ ಗುಟ್ಟೆಲ್ಲ ಬಿಲ್ಲೆಯಲ್ಲಿದೆ. ಮೊದಲು ದುಂಡು ತೂತು ಕೊರೆದು, ಆಮೇಲೆ ಸಣ್ಣ ಮೂರು ಮೂಲೆಯ ಅರದಿಂದ ನಕ್ಷತ್ರದ ಒಂದೊಂದೇ ಮೂಲೆಯನ್ನು ಕೈಯಲ್ಲಿ ತೀಡಿ ತೆಗೆಯಬೇಕು. ಒಳಮುಖ ಕೂದಲೆಳೆಯಷ್ಟು ಹೆಚ್ಚು ಅಗಲ, ಹೊರಮುಖ ಅಷ್ಟೇ ಕಿರಿದು. ಮೂಲೆ ಮೊಂಡಾದರೆ ಚಕ್ಕುಲಿಗೆ ಮುಳ್ಳು ಏಳುವುದಿಲ್ಲ, ಒಳಗೆ ಒರಟು ಉಳಿದರೆ ಹಿಟ್ಟಿನ ಎಳೆ ನಡುವೆ ಹರಿಯುತ್ತದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅಕ್ಕಿಹಿಟ್ಟು, ಹುರಿಗಡಲೆ ಹಿಟ್ಟು, ಕಾಯಿಸಿದ ಎಣ್ಣೆ, ಜೀರಿಗೆ, ಎಳ್ಳು ಹಾಕಿ ಕಲಸಿ ಒತ್ತಿದಾಗಲೇ ನಿಜ ಹೊರಗೆ ಬರುವುದು. ಎಳ್ಳು ಬೇಡ, ಪರೀಕ್ಷೆಗೆ ಬರೀ ಹಿಟ್ಟು ಸಾಕು ಅಂತ ನಮ್ಮತ್ತೆ ಹೇಳುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಕೊಂಡವರು ಎಳ್ಳು ಹಾಕುತ್ತಾರೆ ತಾನೇ. ಒಂದೇ ಉಂಡೆ ಹಿಟ್ಟು ಇಪ್ಪತ್ತು ಒರಳು ದಾಟಿ ಬಂದು, ಕೊನೆಗೆ ಎಣ್ಣೆಗೆ ಬೀಳುತ್ತಿತ್ತು. ನಮ್ಮ ಬೀದಿಯವರು ಶನಿವಾರ ಸಂಜೆಯ ಕಾಫಿಗೆ ಬಿಸ್ಕತ್ತು ತರುತ್ತಿರಲಿಲ್ಲ. ಆಮೇಲೆ ಬಿಸಿನೀರು, ಹುಣಸೆಹಣ್ಣು, ಹಲ್ಲುಜ್ಜುವ ಬ್ರಷ್ಷು. ಉಜ್ಜಿ ತೊಳೆದು ತಾರಸಿಯ ಮೇಲೆ ಒಣಗಿಸಿ ಡಬ್ಬಕ್ಕೆ ಹಾಕಿದರೆ ನನ್ನ ಕೆಲಸ ಮುಗಿಯಿತು.

ಮಾಡುವುದು ಕಷ್ಟವಿರಲಿಲ್ಲ. ಮಾರುವುದು ಕಷ್ಟ. ರಾಜಾಜಿನಗರದಲ್ಲಿ ಎರಡು, ವಿಜಯನಗರದಲ್ಲಿ ಮೂರು ಪಾತ್ರೆ ಅಂಗಡಿಗಳು ನಮ್ಮವು. ಮೊದಮೊದಲು ಶ್ರಾವಣ ಬಂತೆಂದರೆ ಅವರೇ ಫೋನ್ ಮಾಡುತ್ತಿದ್ದರು. ಆಮೇಲೆ ನಾವು ಮಾಡತೊಡಗಿದೆವು. ಆಮೇಲೆ ಅವರು ಎತ್ತುವುದನ್ನು ಬಿಟ್ಟರು. ವಿಜಯನಗರದ ಅಂಗಡಿಯವರು ಒಳ್ಳೆಯವರು, ಒಂದು ದಿನ ನನ್ನನ್ನೇ ಕೂರಿಸಿ ನೀರು ಕೊಟ್ಟು ಹೇಳಿದರು. "ಅಕ್ಕ, ನಿಮ್ಮ ಮಾಲಿಗೆ ಹೆಸರಿಡೋ ಹಾಗಿಲ್ಲ. ಆದ್ರೆ ಕಸ್ಟಮರ್ ಕೈಗೆ ತಗೊಂಡು ತೂಕ ನೋಡ್ತಾರೆ, ರೇಟ್ ಕೇಳ್ತಾರೆ, ಇಟ್ಬಿಡ್ತಾರೆ. ಇದು ನೋಡಿ, ಹೊರದೇಶದ್ದು. ಗನ್ ಥರ ಒತ್ತಿದ್ರೆ ಆಯ್ತು. ಹತ್ತು ಬಿಲ್ಲೆ ಫ್ರೀ. ಅರ್ಧ ರೇಟು."

ನಾನು ಕೈಗೆ ತೆಗೆದುಕೊಂಡು ನೋಡಿದೆ. ಮಿರಮಿರ ಮಿಂಚುವ ತೆಳು ಸ್ಟೀಲು. ಗಟ್ಟಿ ಹಿಟ್ಟು ಹಾಕಿದರೆ ಎರಡು ಹಬ್ಬಕ್ಕೆ ಅದರ ಹಲ್ಲು ಸವೆಯುತ್ತದೆ ಅಂತ ನನಗೆ ಗೊತ್ತಾಯಿತು. ಅದನ್ನೇ ಹೇಳಿದೆ. "ಎರಡು ಹಬ್ಬ ಆದ್ಮೇಲೆ ಇನ್ನೊಂದು ತಗೋತಾರೆ ಬಿಡಿ ಅಕ್ಕ, ನಂಗೂ ವ್ಯಾಪಾರ ಆಗ್ಬೇಕಲ್ಲ" ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನಮ್ಮ ಒರಳು ಕೊಂಡವರು ಜನ್ಮದಲ್ಲಿ ಇನ್ನೊಂದು ಕೊಳ್ಳುವುದಿಲ್ಲ. ಗಟ್ಟಿ ಮಾಡಿದ್ದೇ ನಮಗೆ ಮುಳುವಾಗಿತ್ತು.

ನಮ್ಮೂರಲ್ಲಿ ಮಾಡಿದ್ದು ಅನ್ನುವುದಕ್ಕೂ ಕಳಪೆ ಅನ್ನುವುದಕ್ಕೂ ಬೆಂಗಳೂರಿನವರು ಒಂದೇ ಪದ ಇಟ್ಟುಕೊಂಡಿದ್ದಾರೆ, ಲೋಕಲ್. "ಇದು ಲೋಕಲ್ಲಾ?" ಅಂತ ಮೂಗು ಮುರಿದವರೇ ಸಂಜೆ ವಾಟ್ಸಾಪಿನಲ್ಲಿ ದೇಶದ ಮಾಲನ್ನೇ ಕೊಳ್ಳಿ ಅಂತ ಬಾವುಟದ ಚಿತ್ರ ಕಳಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ. ಬೈಯುವುದು ಸುಲಭ, ನನ್ನ ಮನೆಯನ್ನೂ ನೋಡಿಕೊಳ್ಳಬೇಕಲ್ಲ. ನಮ್ಮ ಗೋಡೆ ಗಡಿಯಾರ, ದೇವರ ಮನೆಯ ಮಿಣುಕು ದೀಪ, ತರಕಾರಿ ಹೆಚ್ಚುವ ಯಂತ್ರ ಎಲ್ಲ ವಿಜಯನಗರದ ಫುಟ್‌ಪಾತಿನವು. ಅವನ್ನು ಕೊಳ್ಳುವಾಗ ಇದನ್ನೇ ಮಾಡುವ ನಮ್ಮವನು ಯಾವನಾದರೂ ಇದ್ದಾನೋ ಅಂತ ನಾನು ಒಂದು ದಿನವೂ ಯೋಚಿಸಿದವಳಲ್ಲ. ಕಡಿಮೆಗೆ ಸಿಕ್ಕಿತು ಅಂತ ಹಿಗ್ಗಿಕೊಂಡೇ ಬಂದಿದ್ದೆ.

ಅಂಗಡಿಗಳು ಕೈಬಿಟ್ಟ ವರ್ಷ ಮಗಳು ಕೈಹಿಡಿದಳು. ಮದುವೆಯಾಗಿ ಕೆಂಗೇರಿಯಲ್ಲಿದ್ದಾಳೆ, ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಒಂದು ಭಾನುವಾರ ಬಂದು ಒರಳನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೋ ತೆಗೆದಳು. ಕೈಯಲ್ಲೇ ಮಾಡಿದ್ದು, ನಮ್ಮ ನಾಡಿನದು ಅಂತ ಬರೆದು ಆನ್‌ಲೈನ್ ಅಂಗಡಿಯಲ್ಲಿ ನಮ್ಮದೊಂದು ಪುಟ ಮಾಡಿ ಹಾಕಿದಳು. ಇವರಿಗೆ ನಂಬಿಕೆಯಿರಲಿಲ್ಲ. "ಮುಟ್ಟಿ ನೋಡ್ದೆ ಒರಳು ಯಾರು ತಗೋತಾರೆ?" ಅಂದರು. ತೆಗೆದುಕೊಂಡರು. ದಾವಣಗೆರೆ, ಹಾಸನ, ಪುಣೆ, ಎಲ್ಲೆಲ್ಲಿಂದಲೋ. ಇವರು ಒಂದೊಂದು ಊರಿನ ಹೆಸರನ್ನೂ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದರು.

ವಾಪಸ್ಸು ಶುರುವಾದದ್ದು ಒಂದು ಎಳ್ಳಿನಿಂದ. ಯಾವುದೋ ಊರಿನ ಹೆಣ್ಣುಮಗಳು ಒರಳಿನ ತಿರುಪಿನ ಸುತ್ತಿನಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಎಳ್ಳುಕಾಳಿನ ಫೋಟೋ ತೆಗೆದು ಹಾಕಿದ್ದಳು. ಬಳಸಿದ ಮಾಲನ್ನು ಹೊಸದು ಅಂತ ಮಾರುತ್ತಿದ್ದಾರೆ, ಎಣ್ಣೆ ವಾಸನೆ ಬರುತ್ತದೆ, ಮೋಸ ಅಂತ ಬರೆದಿದ್ದಳು. ನಾನು ಬ್ರಷ್ಷು ಹಾಕಿ ಉಜ್ಜಿದ್ದೆ. ಆದರೂ ಒಂದು ಕಾಳು ಉಳಿದಿತ್ತು. ಅದಾದ ಮೇಲೆ ಇನ್ನೊಂದು ಬಂತು, ಮತ್ತೊಂದು ಬಂತು. ಡಬ್ಬದೊಳಗೆ ಒಂದು ಚೀಟಿ ಇಡೋಣ ಅಂದಳು ಮಗಳು. ಪ್ರತಿ ಒರಳನ್ನೂ ಹಿಟ್ಟು ಹಾಕಿ ಒತ್ತಿ ನೋಡಿದ್ದೇವೆ ಅಂತ ಅಚ್ಚು ಹಾಕಿಸಿ ಇಟ್ಟೆವು. ವಾಪಸ್ಸು ಇನ್ನೂ ಜಾಸ್ತಿಯಾಯಿತು. ಎಳ್ಳು ಸಿಗದವರೂ ಚೀಟಿ ನೋಡಿ ಹಿಂದಕ್ಕೆ ಕಳಿಸಿದರು. ಯಾರದೋ ಅಡುಗೆಮನೆಯ ಹಿಟ್ಟು ಮುಟ್ಟಿದ್ದನ್ನು ನಾವೇಕೆ ಕೊಳ್ಳಬೇಕು ಅಂತ ಒಬ್ಬರು ಕೇಳಿದ್ದರು.

ನಾವು ಯಾವುದನ್ನು ನಮ್ಮ ಹಿರಿಮೆ ಅಂದುಕೊಂಡಿದ್ದೆವೋ ಅದೇ ಅವರ ಕಣ್ಣಿಗೆ ಎಂಜಲಾಗಿತ್ತು. ಹಿಟ್ಟು ಹಾಕುವುದನ್ನು ನಿಲ್ಲಿಸೋಣ ಅಂತ ಮಗಳು ಮೆಲ್ಲಗೆ ಎತ್ತಿದಳು. ಇವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹಿಟ್ಟು ಹಾಕಿ ನೋಡ್ದೆ ಕಳಿಸಿದ್ರೆ ಅದು ಒರಳಲ್ಲ ಕಣಮ್ಮ, ಹಿತ್ತಾಳೆ ಅಷ್ಟೆ." ಆ ಮಾತು ಅಲ್ಲಿಗೆ ಮುಗಿಯಿತು.

ಮಗಳಿಗೆ ಗೊತ್ತಿಲ್ಲದ ಇನ್ನೊಂದು ವಿಷಯ ನನ್ನ ಹೊಟ್ಟೆಯಲ್ಲಿತ್ತು. ಅಷ್ಟರೊಳಗೆ ಇವರ ಕಣ್ಣು ಮಂಜಾಗುತ್ತಾ ಬಂದಿತ್ತು. ಸಕ್ಕರೆ ಕಾಯಿಲೆ ಹಳೆಯದು. ಪೇಪರನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದರು, ಮೆಟ್ಟಿಲಲ್ಲಿ ಕಾಲಿನಿಂದ ತಡಕುತ್ತಿದ್ದರು. ಕೇಳಿದರೆ ಲೈಟು ಸರಿಯಿಲ್ಲ ಅನ್ನುತ್ತಿದ್ದರು. ಆಸ್ಪತ್ರೆ ಅಂದರೆ ರೇಗುತ್ತಿದ್ದರು. ಅವರ ಜೊತೆ ಕೆಲಸ ಮಾಡಿದ ಒಬ್ಬರಿಗೆ ಡಾಕ್ಟರು ಲೇತ್ ಮುಟ್ಟಬೇಡಿ ಅಂದಿದ್ದರಂತೆ, ಆ ಹೆದರಿಕೆ. ಮೊದಲೆಲ್ಲ ತಿಂಗಳಿಗೆ ಒಂದು ಒರಳು ಕೆಟ್ಟರೆ ಹೆಚ್ಚು. ಈಗ ನಾಲ್ಕಕ್ಕೊಂದು ಕೆಡುತ್ತಿತ್ತು. ಹಿಟ್ಟು ತುಂಬಿ ತಿರುಗಿಸಿದರೆ ಮುಳ್ಳಿಲ್ಲದೆ ಹುರಿಹಗ್ಗದ ಹಾಗೆ ಬರುತ್ತಿತ್ತು, ಇಲ್ಲವೇ ಗೇಣಿಗೊಂದು ಕಡೆ ಹರಿಯುತ್ತಿತ್ತು.

ಮೊದಮೊದಲು ಹೇಳಿದೆ. "ಇದು ಸ್ವಲ್ಪ ಹಿಡಿಯುತ್ತೆ ರೀ, ಒಂದ್ಸಲ ಅರ ಆಡಿಸಿ" ಅನ್ನುತ್ತಿದ್ದೆ. ಒಯ್ದು ತೀಡಿ ತರುತ್ತಿದ್ದರು. ಒಂದು ಶನಿವಾರ ಒಮ್ಮೆಗೇ ಐದು ಕೆಟ್ಟಿದ್ದವು. ಬಾಗಿಲಲ್ಲಿ ನಿಂತು ಎಷ್ಟು ಕೆಟ್ಟಿದೆ ಅಂತ ಕೇಳಿದರು. ಅವರ ಮುಖ ನೋಡಿದೆ. ಐದು ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಒಂದು ಅಂದೆ. ಉಳಿದ ನಾಲ್ಕನ್ನು ಮಂಚದ ಕೆಳಗಿನ ಟ್ರಂಕಿಗೆ ಹಾಕಿದೆ. ಪಕ್ಕದ ಬೀದಿಯವರು ಒಯ್ದರು ಅಂತ ಹೇಳಿದೆ. ಆಮೇಲೆ ಅದೇ ಅಭ್ಯಾಸವಾಯಿತು. ಮಗಳ ಸ್ಕೂಲಿನ ಟೀಚರಿಗೆ ಬೇಕಂತೆ, ನನ್ನ ತಂಗಿಯ ನೆಂಟರು ಕೇಳಿದರು ಅಂತ ವಾರಕ್ಕೊಂದು ಕಥೆ ಕಟ್ಟುತ್ತಿದ್ದೆ. ಇವರು ಖುಷಿಪಡುತ್ತಿದ್ದರು. ನೋಡಿದ್ಯಾ, ಗೊತ್ತಿರೋರು ಹುಡ್ಕೊಂಡು ಬರ್ತಾರೆ ಅನ್ನುತ್ತಿದ್ದರು. ಟ್ರಂಕು ತುಂಬುತ್ತಾ ಹೋಯಿತು.

ಎರಡು ವರ್ಷ ಹೀಗೆ ನಡೆಸಿದೆ. ಅದನ್ನು ಪ್ರೀತಿ ಅಂದುಕೊಂಡಿದ್ದೆ. ಈಗ ಏನೆನ್ನಬೇಕೋ ಗೊತ್ತಿಲ್ಲ.

ಕಳೆದ ವರ್ಷ ಗೋಕುಲಾಷ್ಟಮಿಗೆ ಮುಂಚೆ ಬೇರೆ ಬೇರೆ ಊರುಗಳಿಂದ ಒಟ್ಟು ಅರವತ್ತು ಒರಳಿಗೆ ಆರ್ಡರ್ ಬಂತು. ಒಮ್ಮೆಗೇ ಅಷ್ಟು ಆರ್ಡರ್ ನಾವು ಕಂಡಿರಲಿಲ್ಲ. ಅದೇ ವಾರ ಮಗಳ ಫೋನೂ ಬಂತು. "ಅಮ್ಮ, ವಾಪಸ್ಸು ಇನ್ನು ನಾಕು ಜಾಸ್ತಿ ಆದ್ರೆ ಆನ್‌ಲೈನ್‌ನವ್ರು ನಮ್ಮ ಪುಟಾನೇ ತೆಗೆದ್ಹಾಕ್ತಾರೆ. ಮೇಲ್ ಬಂದಿದೆ. ಅಪ್ಪಂಗೆ ಹೇಳ್ಬೇಡ, ಕೇಳಲ್ಲ ಅವ್ರು. ಈ ಒಂದ್ಸಲ ಹಿಟ್ಟು ಹಾಕ್ಬೇಡ. ಒರೆಸಿ ಪ್ಯಾಕ್ ಮಾಡ್ಬಿಡು." ಅಂಗಡಿಗಳು ಹೋಗಿದ್ದವು. ಇದೂ ಹೋದರೆ ಶೆಡ್ಡಿನ ಬಾಗಿಲು ಹಾಕಬೇಕು. ಶೆಡ್ಡಿಲ್ಲದೆ ಈ ಮನುಷ್ಯ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ ಅನ್ನುವುದೊಂದೇ ನನ್ನ ತಲೆಯಲ್ಲಿ ಕೂತಿತ್ತು.

ಆ ಶನಿವಾರ ನಾನು ಒಂದಕ್ಕೂ ಹಿಟ್ಟು ಹಾಕಲಿಲ್ಲ. ಬಿಲ್ಲೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಬೆರಳು ಆಡಿಸಿ ನೋಡಿದೆ. ಅನುಮಾನ ಬಂದ ಎಂಟನ್ನು ಟ್ರಂಕಿಗೆ ಹಾಕಿ, ಅದರ ಬದಲಿಗೆ ಹಿಂದಿನ ವಾರ ಒತ್ತಿ ನೋಡಿಟ್ಟಿದ್ದ ಎಂಟನ್ನು ಸೇರಿಸಿದೆ. ಉಳಿದದ್ದು ಚೆನ್ನಾಗಿಯೇ ಕಂಡಿತು. ಇಷ್ಟು ವರ್ಷದ ಅನುಭವ, ನೋಡಿದರೇ ಗೊತ್ತಾಗುತ್ತದೆ ಅನ್ನುವ ಜಂಬ ನನಗೂ ಬಂದಿತ್ತು. ಒಣಬಟ್ಟೆಯಲ್ಲಿ ಒರೆಸಿ ಡಬ್ಬಕ್ಕೆ ಹಾಕಿ ಟೇಪು ಸುತ್ತಿದೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮನೆಯಲ್ಲಿ ಚಕ್ಕುಲಿ ಕರಿದ ವಾಸನೆ ಇಲ್ಲದಿದ್ದರೆ ಇವರಿಗೆ ಗೊತ್ತಾಗಿಬಿಡುತ್ತದೆ ಅಂತ ಹೆದರಿ ಒಂದು ಸೇರು ಹಿಟ್ಟು ಕಲಸಿದೆ. ಶೆಡ್ ಹಿಡಿದ ಹೊಸತರಲ್ಲಿ ಇವರು ನನಗಂತ ಮಾಡಿಕೊಟ್ಟ ಒರಳಿನಲ್ಲಿ ಒತ್ತಿ ಕರಿದು ಡಬ್ಬಿ ತುಂಬಿಟ್ಟೆ. ಸಂಜೆ ಬಂದರು. ಕೈಕಾಲು ತೊಳೆದು ಕೂತರು. ತಟ್ಟೆಯಲ್ಲಿ ನಾಲ್ಕು ಚಕ್ಕುಲಿ ಇಟ್ಟು ಕೊಟ್ಟೆ.

"ಎಲ್ಲ ಒತ್ತಿ ನೋಡಿದ್ಯಾ?"

"ಹೂಂ ರೀ."

ಒಂದನ್ನು ಕೈಗೆ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದರು. ಕಾಣಲಿಲ್ಲವೇನೋ, ಹೆಬ್ಬೆರಳಿನಿಂದ ಸವರಿದರು. "ಮುಳ್ಳು ಎಷ್ಟು ಚೆನ್ನಾಗಿ ಬಂದಿದೆ ನೋಡು" ಅಂದರು. ಎರಡು ತಿಂದರು. ನಾನು ಒಲೆ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿಕೊಂಡೆ.

ಅರವತ್ತೂ ಹೋದವು. ಹತ್ತು ದಿನ ಒಂದೂ ವಾಪಸ್ ಬರಲಿಲ್ಲ. ಮಗಳಿಗೆ ಸಂತೋಷ. ನನಗೂ ಸಂತೋಷವೇ, ಸುಳ್ಳೇಕೆ ಹೇಳಲಿ. ಹಬ್ಬವಾದ ಮಾರನೆಯ ದಿನ ಶುರುವಾಯಿತು. ಈ ಸಲ ಯಾರೂ ಎಳ್ಳಿನ ಮಾತೆತ್ತಲಿಲ್ಲ. ಹಿಟ್ಟು ಹರಿಯುತ್ತದೆ, ತಿರುಗಿಸಿ ತಿರುಗಿಸಿ ಕೈ ನೋವು ಬಂತು, ಹಬ್ಬದ ದಿನ ಮಾನ ಹೋಯಿತು. ಹುಬ್ಬಳ್ಳಿ ಕಡೆಯ ಒಬ್ಬರು ಕನ್ನಡದಲ್ಲೇ ಬರೆದಿದ್ದರು. ಅಮ್ಮನ ಹಳೇ ಒರಳಿನ ಥರ ಇದೆ ಅಂತ ನಂಬಿ ತರಿಸಿದೆ, ಒಂದು ಚಕ್ಕುಲಿಯೂ ಆಗಲಿಲ್ಲ, ಒತ್ತಿ ನೋಡಿದ್ದೇವೆ ಅಂತ ಚೀಟಿ ಬೇರೆ ಇಟ್ಟಿದ್ದಾರೆ ಅಂತ. ಆ ಚೀಟಿಗಳನ್ನು ಕೆಲವು ಡಬ್ಬಗಳಲ್ಲಿ ಮೊದಲೇ ಅಂಟಿಸಿಟ್ಟಿದ್ದೆ. ಕೀಳುವುದು ಮರೆತಿದ್ದೆ.

ಇವರು ಅಷ್ಟರಲ್ಲಿ ಫೋನಿನಲ್ಲಿ ಅಭಿಪ್ರಾಯ ಕೇಳಿಸಿಕೊಳ್ಳುವುದನ್ನು ಕಲಿತಿದ್ದರು. ಒಂದು ಗುಂಡಿ ಒತ್ತಿದರೆ ಅದೇ ಓದಿ ಹೇಳುತ್ತದೆ. ಹುಬ್ಬಳ್ಳಿಯವರು ಬರೆದದ್ದನ್ನು ಮೂರು ಸಲ ಕೇಳಿದರು. ನನಗೆ ಎಲ್ಲಿತ್ತೋ ಸಿಟ್ಟು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಹಿಟ್ಟು ಕಲಸೋಕೆ ಬರ್ದೆ ಒರಳನ್ನ ದೂರ್ತಾಳೆ ಬಿಡ್ರಿ" ಅಂದೆ. ಹೇಳಿದ ಕೂಡಲೇ ನನಗೇ ನಾಚಿಕೆಯಾಯಿತು. ಇವರು ಫೋನನ್ನು ಪಕ್ಕಕ್ಕಿಟ್ಟರು. "ಅದು ವಾಪಸ್ ಬಂದ್ರೆ ಬಿಚ್ಚಬೇಡ. ನಂಗೆ ಕೊಡು" ಅಂದರು.

ಬಂತು. ಭಾನುವಾರ ಬೆಳಿಗ್ಗೆ ನಾನು ದೇವಸ್ಥಾನದಿಂದ ಬರುವಷ್ಟರಲ್ಲಿ ಇವರು ಅಡುಗೆಮನೆಯ ನೆಲದ ಮೇಲೆ ಕೂತು ಹಿಟ್ಟು ಕಲಸುತ್ತಿದ್ದರು. ಮದುವೆಯಾದ ಮೇಲೆ ಅವರು ಹಿಟ್ಟಿಗೆ ಕೈ ಹಾಕಿದ್ದು ಅದೇ ಮೊದಲು. ನೀರು ಜಾಸ್ತಿಯಾಗಿತ್ತು, ಮತ್ತೆ ಹಿಟ್ಟು ಸೇರಿಸಿ ಸರಿಮಾಡಿಕೊಂಡಿದ್ದರು. ಒರಳಿಗೆ ತುಂಬಿ ತಟ್ಟೆಯ ಮೇಲೆ ಒತ್ತಿದರು. ಹಿಟ್ಟು ಗೇಣುದ್ದ ಬಂತು, ಹರಿಯಿತು. ಮತ್ತೆ ಬಂತು, ಹರಿಯಿತು. ಬೆರಳಿನಿಂದ ಸವರಿ ನೋಡಿದರು. ಮುಳ್ಳಿರಲಿಲ್ಲ.

"ಇದನ್ನ ಒತ್ತಿ ನೋಡಿದ್ಯೇನೇ?"

ಎರಡು ಉತ್ತರ ಇದ್ದವು. ನೋಡಿದೆ, ಚೆನ್ನಾಗಿತ್ತು, ದಾರಿಯಲ್ಲಿ ಏನೋ ಆಗಿದೆ ಅಂತ ಹೇಳಬಹುದಿತ್ತು. ಬಾಯಿ ತೆರೆದೆ. ಹಿಟ್ಟು ಮೆತ್ತಿದ ಆ ಎರಡು ಕೈ ನೋಡಿ ಸುಳ್ಳು ಬರಲಿಲ್ಲ. "ಇಲ್ಲ ರೀ" ಅಂದೆ. ಯಾಕೆ ನೋಡಲಿಲ್ಲ ಅಂತ ಹೇಳಿದೆ, ಮಗಳು ಹೇಳಿದ್ದನ್ನು ಹೇಳಿದೆ, ಪುಟ ತೆಗೆದರೆ ಶೆಡ್ ಮುಚ್ಚಬೇಕಾಗುತ್ತಿತ್ತು ಅಂತ ಹೇಳಿದೆ.

"ಮತ್ತೆ ಅವತ್ತು ಚಕ್ಲಿ?"

"ನಂದು ಹಳೇ ಒರಳಲ್ಲಿ."

ಬೈದಿದ್ದರೆ ಚೆನ್ನಾಗಿತ್ತು. ಬಿಲ್ಲೆಯನ್ನೇ ಹೆಬ್ಬೆರಳಿನಿಂದ ತಿಕ್ಕುತ್ತಾ, ನಾನು ಹೆದರಿಕೊಂಡಿದ್ದ ಪ್ರಶ್ನೆಯನ್ನೇ ಕೇಳಿದರು. "ನೀನು ಒತ್ತಿ ನೋಡೋವಾಗ್ಲೂ ಹೀಗೇ ಬರ್ತಿತ್ತಾ?"

ನಾನು ಒಳಗೆ ಹೋಗಿ ಟ್ರಂಕನ್ನು ಎಳೆದುಕೊಂಡು ಬಂದೆ. ಹೇಳುವುದಕ್ಕಿಂತ ತೋರಿಸುವುದು ಸುಲಭ ಅನ್ನಿಸಿತು. ಇವರು ಒಂದೊಂದಾಗಿ ಹೊರಗಿಟ್ಟರು. ಪಕ್ಕದ ಬೀದಿಯವರು ಒಯ್ದದ್ದು, ಟೀಚರಿಗೆ ಹೋದದ್ದು, ತಂಗಿಯ ನೆಂಟರು ಕೊಂಡದ್ದು. ಅಡುಗೆಮನೆಯ ನೆಲದಲ್ಲಿ ಜಾಗ ಸಾಲದೆ ನಡುಮನೆಯತನಕ ಸಾಲಾದವು.

"ಎಷ್ಟು ದಿನದಿಂದ?"

"ಎರಡು ವರ್ಷ."

"ನನ್ನ ಕೈ ಕೆಟ್ಟಿರೋದು ಹುಬ್ಬಳ್ಳಿಯವ್ರಿಗೆ ಗೊತ್ತಾದ್ಮೇಲೆ ನಂಗೆ ಗೊತ್ತಾಗ್ಬೇಕಿತ್ತಾ?" ಅಂದರು. ದನಿ ಏರಿಸಲಿಲ್ಲ. ಎದ್ದು ನಲ್ಲಿಯ ಕೆಳಗೆ ಕೈ ತೊಳೆದುಕೊಂಡರು.

ಅಳು ಬಂತು. ನಿಮಗೆ ನೋವಾಗಬಾರದು ಅಂತ ಮಾಡಿದೆ ಅಂದೆ. ಗೊತ್ತು ಅಂದರು. ಗೊತ್ತು ಅಂದವರ ಹತ್ತಿರ ಇನ್ನೇನು ವಾದ ಮಾಡುವುದು.

ಅವರೇ ಮಗಳಿಗೆ ಹೇಳಿ ಪುಟ ತೆಗೆಸಿದರು. ಸರಿಯಿಲ್ಲದ್ದನ್ನೆಲ್ಲ ವಾಪಸ್ ತರಿಸಿಕೊಂಡು ನಾಯಂಡಹಳ್ಳಿಯ ಎರಕದವರಿಗೆ ಕೊಟ್ಟರು, ಕರಗಿಸುವುದಕ್ಕೆ. ಆಮೇಲೆ ಲೇತನ್ನೂ ಮಾರಿದರು. ಆಸ್ಪತ್ರೆಗೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ, ಅವರೇ ಹೊರಟರು. ಡಾಕ್ಟರು ನನ್ನ ಮಗಳ ವಯಸ್ಸಿನವಳು. ಎರಡೂ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಬಲಗಣ್ಣಿಗೆ ಏನಾದರೂ ಮಾಡಬಹುದು, ಎಡಗಣ್ಣಿನ ಒಳಪರದೆ ಸಕ್ಕರೆಯಿಂದ ಹಾಳಾಗಿದೆ ಅಂದಳು. "ಒಂದೆರಡು ವರ್ಷ ಮುಂಚೆ ಬಂದಿದ್ರೆ ಉಳಿಸ್ಬೋದಿತ್ತು. ಕೆಲಸದಲ್ಲಿ ಏನೂ ವ್ಯತ್ಯಾಸ ಕಾಣ್ಲಿಲ್ವಾ ಅಂಕಲ್?" ಅಂತ ಕೇಳಿದಳು. ಇವರು ನನ್ನ ಕಡೆ ತಿರುಗಲಿಲ್ಲ. "ಕಾಣ್ಲಿಲ್ಲಮ್ಮ" ಅಂದರು. ನಾನು ಚೀಲದ ಹಿಡಿಯನ್ನು ಹಿಡಿದುಕೊಂಡು ಕೂತಿದ್ದೆ. ಟ್ರಂಕಿನಲ್ಲಿ ನಾನು ಮುಚ್ಚಿಟ್ಟ ಒರಳುಗಳಿಗೆಲ್ಲ ಅವತ್ತು ಬೆಲೆ ಕಟ್ಟಿದ ಹಾಗಾಯಿತು.

ಈಗ ಇವರು ಬೆಳಿಗ್ಗೆ ಪಾರ್ಕಿಗೆ ಹೋಗುತ್ತಾರೆ, ಬಂದು ರೇಡಿಯೋ ಹಾಕಿಕೊಳ್ಳುತ್ತಾರೆ. ನನ್ನ ಮೇಲೆ ಒಂದು ದಿನವೂ ರೇಗಿಲ್ಲ. ಮೊದಲಿಗಿಂತ ಮೆತ್ತಗೆ ಮಾತಾಡುತ್ತಾರೆ. ಸಾರಿಗೆ ಉಪ್ಪು ಸರಿಯಿದೆಯಾ ಅಂತ ಕೇಳಿದರೆ ಸರಿಯಿದೆ ಅನ್ನುತ್ತಾರೆ, ಕಡಿಮೆಯಿದ್ದ ದಿನವೂ.

ಹೋದ ತಿಂಗಳು ಅನ್ನಪೂರ್ಣೇಶ್ವರಿ ನಗರದಿಂದ ಒಬ್ಬ ಹೆಂಗಸು ಹುಡುಕಿಕೊಂಡು ಬಂದರು. ನನ್ನ ವಯಸ್ಸಿನವರೇ. ಅವರ ಅತ್ತೆ ಇಪ್ಪತ್ತು ವರ್ಷದ ಹಿಂದೆ ರಾಜಾಜಿನಗರದ ಅಂಗಡಿಯಲ್ಲಿ ಕೊಂಡ ಒರಳಂತೆ, ಇವತ್ತಿಗೂ ಹೂವಿನ ಹಾಗೆ ತಿರುಗುತ್ತದಂತೆ. ಮಗಳ ಮದುವೆ, ಅಂಥದ್ದೇ ಒಂದು ಕೊಡಬೇಕು. ಅಂಗಡಿಯವರನ್ನು, ಶೆಡ್ಡಿನ ಅಕ್ಕಪಕ್ಕದವರನ್ನು ಕೇಳಿಕೊಂಡು ಬಿಸಿಲಲ್ಲಿ ಬಂದಿದ್ದರು. "ಎಷ್ಟಾದ್ರೂ ಆಗ್ಲಿ ಸಾರ್. ಆ ಸ್ಟೀಲಿಂದು ಎರಡು ತಗೊಂಡು ಎರಡೂ ಬಿಸಾಕಿದೀನಿ. ನಿಮ್ದೇ ಬೇಕು ನಂಗೆ" ಅಂದರು.

ಇಷ್ಟು ವರ್ಷ ನಾವು ಕಾದದ್ದು ಈ ಮಾತಿಗೇ. ನಾನು ಎದ್ದು ಬೀರು ತೆಗೆದೆ. ಮೇಲಿನ ಅರೆಯಲ್ಲಿ ಮೂರು ಒರಳು ಇದ್ದವು, ಗೋಕುಲಾಷ್ಟಮಿಗೆ ಎಷ್ಟೋ ಮುಂಚೆ ನಾನೇ ಒತ್ತಿ ನೋಡಿ, ಒಂದೊಂದು ಮುಳ್ಳನ್ನೂ ನೋಡಿ, ಮಗಳ ಮನೆಗೆ ಅಂತ ತೆಗೆದಿಟ್ಟವು. ಒಂದನ್ನು ತಂದು ಇವರ ಕೈಗೆ ಕೊಟ್ಟೆ.

"ಇದು ನಾನು ಒತ್ತಿ ನೋಡಿರೋದು ರೀ. ಚೆನ್ನಾಗಿದೆ."

ಇವರು ತೆಗೆದುಕೊಂಡರು. ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಬರೀ ಬೆರಳಿಗೆ ಬಿಲ್ಲೆಯ ನಿಜ ತಿಳಿಯುವುದಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಅದು ಸರಿಯಿದೆ ಅನ್ನುವುದಕ್ಕೆ ಈ ಲೋಕದಲ್ಲಿ ಇದ್ದದ್ದು ನನ್ನ ಮಾತೊಂದೇ. ಹಿಟ್ಟು ಕಲಸಿ ಈಗಲೇ ಒತ್ತಿ ತೋರಿಸುತ್ತೇನೆ ಅನ್ನಬೇಕು ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಒರಳನ್ನು ನನಗೇ ವಾಪಸ್ ಕೊಟ್ಟರು.

"ಇರ್ಲಿ ಬಿಡು" ಅಂದರು, ಬಹಳ ಮೆತ್ತಗೆ. ಬಂದವರ ಕಡೆ ತಿರುಗಿದರು. "ಮಾಲಿಲ್ಲಮ್ಮ, ಮಾಡೋದು ನಿಲ್ಸಿದೀವಿ. ವಿಜಯನಗರದಲ್ಲಿ ಸ್ಟೀಲಿಂದೇ ಇನ್ನೊಂದು ಸ್ವಲ್ಪ ದಪ್ಪದ್ದು ಸಿಗುತ್ತೆ. ಅದನ್ನೇ ನೋಡಿ."

ಆ ಹೆಂಗಸು ನನ್ನ ಕೈಯಲ್ಲಿದ್ದ ಒರಳನ್ನೂ ನನ್ನ ಮುಖವನ್ನೂ ನೋಡಿದರು. ಏನೂ ಅರ್ಥವಾಗಲಿಲ್ಲ ಅವರಿಗೆ. ಒಂದು ಲೋಟ ಮಜ್ಜಿಗೆ ಕುಡಿದು ಎದ್ದರು. ಇವರು ಗೇಟಿನತನಕ ಹೋಗಿ, ಯಾವ ಬಸ್ ಹತ್ತಬೇಕು, ಯಾವ ಅಂಗಡಿ ಅಂತ ವಿವರವಾಗಿ ಹೇಳಿ ಕಳಿಸಿದರು.